ಯಾರು ಯಾವ ಕಡೆ ಕೂಡಬೇಕು

ಮೊನ್ನೆ ಆಳಂದದಲ್ಲಿ ನಮ್ಮವರ ಕಚೇರಿಯ ಗೆಳೆಯರೊಬ್ಬರ ನಿವೃತ್ತಿ ಸಮಾರಂಭವಿತ್ತು. ಸಭಾಭವನದಲ್ಲಿ ಎಡಗಡೆಯ ಫ್ಯಾನುಗಳಷ್ಟೇ ತಿರುಗುತ್ತಿದ್ದವು. ಹಾಗಾಗಿ ಬಂದವರೆಲ್ಲ ಎಡಗಡೆಯೇ ಒತ್ತಿಕೊಂಡು ಕುಳಿತಿದ್ದರು. ಬಲಗಡೆಯ ಕುರ್ಚಿಗಳೆಲ್ಲ ಖಾಲಿ. ನಾನು ಹೋದವಳೇ ಸೀದಾ ಬಲಗಡೆಗೆ ನಡೆದು, ಕೆಟ್ಟು ನಿಂತ ಒಂದು ಫ್ಯಾನಿನ ಕೆಳಗೆ ಒಬ್ಬಳೇ ಕುಳಿತುಬಿಟ್ಟೆ. ಎರಡು ತಾಸು ಭಾಷಣ. ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಬೆವರಿದೆ. ನಮ್ಮವರು ಆ ಕಡೆಯಿಂದ ಮೊದಲು ಕಣ್ಣಿನಲ್ಲಿ ಕರೆದರು, ಆಮೇಲೆ ಕೈಯಲ್ಲಿ ಕರೆದರು, ಕೊನೆಗೆ ಕೆಮ್ಮಿ ಕರೆದರು. ನಾನು ಏಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವರು ಕೇಳಿದರು: “ಯಾಕ, ಇಷ್ಟ ವರ್ಷ ಆದ ಮ್ಯಾಲ ನನ್ನ ಬಾಜೂಕ ಕೂಡಾಕ ನಾಚಿಕಿ ಬಂತೇನು?”

“ಹಂಗಲ್ರಿ. ಆ ಕಡಿ ಭಾಳ ಮಂದಿ ಇದ್ರು.”

“ಮಂದಿ ಇದ್ರ ಏನಾತು? ಭವನ ಹೊರಳಿ ಬೀಳ್ತಿತ್ತೇನು?”

ನಿಜ ಹೇಳಲೇ? ನನಗೆ ಹಾಗೆಯೇ ಅನಿಸುತ್ತದೆ. ಬಸ್ಸು ಹತ್ತಿದರೆ ಮೊದಲು ಯಾವ ಕಡೆ ಮಂದಿ ಕಡಿಮೆ ಇದ್ದಾರೆಂದು ನೋಡುತ್ತೇನೆ. ಬಿಸಿಲು ಬಡಿಯುವ ಕಡೆ ಕೂಡಬೇಕಾಗಿ ಬಂದರೂ ಅಲ್ಲೇ ಕೂಡುತ್ತೇನೆ. ಬೀಗರ ಮನೆಯಲ್ಲಿ ದೊಡ್ಡ ಜಮಖಾನೆ ಹಾಸಿದ್ದರೆ, ಎಲ್ಲರೂ ಗೋಡೆಗೆ ಒರಗಿದ ಮೇಲೆ ನಾನೊಬ್ಬಳು ಎದುರು ತುದಿಯಲ್ಲಿ ಕೂತು ಪಂಚಾಯಿತಿಗೆ ಕರೆಸಿದವಳಂತೆ ಕಾಣುತ್ತೇನೆ. ಇದನ್ನು ಡಾಕ್ಟರಿಗೆ ತೋರಿಸೋಣ ಎಂದು ಮಗಳು ಒಮ್ಮೆ ಹೇಳಿದ್ದಳು. ಡಾಕ್ಟರಿಗೆ ಏನೆಂದು ಹೇಳುವುದು? ನಾನು ದೋಣಿ ಓಣಿಯವಳು ಎಂದು ಹೇಳಬೇಕು. ಅದನ್ನು ಹೇಳಬೇಕಾದರೆ ನಿಂಗಪ್ಪ ಕಾಕಾನ ಬಗ್ಗೆ ಹೇಳಬೇಕು. ನಿಂಗಪ್ಪ ಕಾಕಾನ ಬಗ್ಗೆ ಹೇಳಿದರೆ, ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಅವನಿಗೆ ಮಾಡಿದ ಒಂದು ಅನ್ಯಾಯದ ಬಗ್ಗೆಯೂ ಹೇಳಬೇಕಾಗುತ್ತದೆ. ಅವನ ಮಾತಿನ ಬೆಲೆ ನನ್ನಿಂದ ಹೋಯಿತೆಂದು ನಾನು ಬಹಳ ವರ್ಷ ಕೊರಗಿದ್ದೇನೆ. ಡಾಕ್ಟರಿಗೆ ಅಷ್ಟು ಪುರಸತ್ತು ಇರುವುದಿಲ್ಲ. ನಿಮಗಿದೆ ಎಂದು ನಂಬಿ ಹೇಳುತ್ತೇನೆ.

ನಮ್ಮ ಊರು ಅಫಜಲಪುರ ತಾಲೂಕಿನದು, ಭೀಮಾ ನದಿಯ ದಂಡೆಯ ಮೇಲೆ. ಆಚೆ ದಂಡೆಯಿಂದ ಜೇವರ್ಗಿಗೆ ಹೋಗುವ ದಾರಿ ಹಿಡಿಯಬಹುದಿತ್ತು. ನಡುವೆ ಹೊಳೆ. ಎಪ್ಪತ್ತರ ದಶಕದಲ್ಲಿ ಆ ಹೊಳೆಗೆ ನಮ್ಮ ಕಡೆ ಸೇತುವೆ ಇರಲಿಲ್ಲ, ದೋಣಿ ಇತ್ತು. ಊರಿನಿಂದ ದೋಣಿ ನಿಲ್ಲುವ ಕಟ್ಟೆಗೆ ಇಳಿದು ಹೋಗುವ ಓಣಿಗೆ ದೋಣಿ ಓಣಿ ಎಂದು ಹೆಸರು. ಎರಡು ಸಾಲು ಮಣ್ಣಿನ ಮಾಳಿಗೆ ಮನೆಗಳು, ಕೊನೆಯಲ್ಲಿ ಒಂದು ಬೇವಿನ ಮರ, ಅದರಾಚೆ ನೀರು. ಬೇಸಿಗೆಯಲ್ಲಿ ಹೊಳೆ ಬತ್ತಿ ಮಂದಿ ಮೊಣಕಾಲುದ್ದ ನೀರಿನಲ್ಲಿ ನಡೆದು ದಾಟುತ್ತಿದ್ದರು. ಆ ಎರಡು ಮೂರು ತಿಂಗಳು ಬಿಟ್ಟರೆ, ಪ್ರವಾಹದ ದಿನಗಳನ್ನೂ ಬಿಟ್ಟರೆ, ಉಳಿದ ವರ್ಷವೆಲ್ಲ ನಮ್ಮ ಓಣಿಯಲ್ಲಿ ಜಾತ್ರೆಯಷ್ಟು ಮಂದಿ.

ಆ ಮಂದಿ ನಮ್ಮ ಓಣಿಗೆಂದು ಬಂದವರಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅವರೆಲ್ಲ ದಾಟಿ ಹೋಗುವವರು. ದೋಣಿ ತುಂಬುವ ತನಕ ಕಾಯಬೇಕು, ಆಚೆ ಹೋದ ದೋಣಿ ತಿರುಗಿ ಬರುವ ತನಕ ಕಾಯಬೇಕು. ಕಾಯುವವನಿಗೆ ಹಸಿವೆಯಾಗುತ್ತದೆ, ಚಹಾ ಬೇಕೆನಿಸುತ್ತದೆ, ಗಡ್ಡ ಬೆಳೆದದ್ದು ನೆನಪಾಗುತ್ತದೆ, ಅಂಗಿಯ ಗುಂಡಿ ಹರಿದದ್ದು ಕಣ್ಣಿಗೆ ಬೀಳುತ್ತದೆ. ನಮ್ಮ ಓಣಿಯ ಒಲೆ ಉರಿಯುತ್ತಿದ್ದದ್ದು ಇದರಿಂದ. ನಮ್ಮಪ್ಪ ಹೊಲಿಗೆಯವನು. ಕಟ್ಟೆಯ ಮೇಲೆ ಮಷಿನ್ನು ಇಟ್ಟುಕೊಂಡಿದ್ದ. ಮುಂಜಾನೆ ಜೇವರ್ಗಿ ಕಡೆಗೆ ದಾಟುವವನ ಅಳತೆ ತೆಗೆದುಕೊಂಡರೆ ಸಂಜೆ ಅವನು ತಿರುಗಿ ಬರುವಷ್ಟರಲ್ಲಿ ಅಂಗಿ ತಯಾರು. ಅಪ್ಪನ ಅಂಗಿಗಳಿಗೆ ತೋಳು ಒಂದು ಉದ್ದ ಒಂದು ಗಿಡ್ಡ ಎಂಬ ಮಾತು ಆಚೆ ದಂಡೆಯಲ್ಲಿತ್ತಂತೆ. ಅವಸರದ ಕೆಲಸ, ಏನು ಮಾಡುವುದು. ಅಪ್ಪ ಮಾತ್ರ ಮಂದಿಯ ತೋಳೇ ಹಾಗಿದೆ ಎನ್ನುತ್ತಿದ್ದ.

ಬೇವಿನ ಮರದ ಕೆಳಗೆ ತಗಡಿನ ನೆರಳಿನಲ್ಲಿ ಮಾಬೂಬಿ ಖಾಲಾನ ಚಹಾದ ಅಂಗಡಿ. ಗಂಡ ಹೋದ ಮೇಲೆ ಆಕೆಯೇ ನಡೆಸುತ್ತಿದ್ದಳು. ಒಂದು ಬಾಯಿಯಲ್ಲಿ ಎರಡು ಭಾಷೆ ಆಡುವುದು ಆಕೆಗೆ ಸಲೀಸು. ಬೈಯಬೇಕಾದರೆ ಕನ್ನಡ, ಮುದ್ದು ಮಾಡಬೇಕಾದರೆ ದಖನಿ ಉರ್ದು. “ಆ ಬೇಟಿ, ಬೈಠ್,” ಎಂದು ನನ್ನನ್ನು ಹತ್ತಿರ ಕೂಡಿಸಿಕೊಂಡು, ಅದೇ ಉಸಿರಿನಲ್ಲಿ ಗಿರಾಕಿಗೆ “ಬಶಿ ಯಾಕ ನೆಕ್ಕಾಕತ್ತಿ, ಇನ್ನೊಂದು ಚಾ ತಗೋ,” ಎನ್ನುತ್ತಿದ್ದಳು. ಆಕೆಗೊಂದು ಹಿಕಮತ್ತು ಗೊತ್ತಿತ್ತು. ದೋಣಿ ಆಚೆ ದಂಡೆ ಬಿಟ್ಟದ್ದು ಕಂಡ ಕೂಡಲೇ ಮಿರ್ಚಿ ಭಜಿಯನ್ನು ಎಣ್ಣೆಗೆ ಬಿಡುವುದು. ದೋಣಿ ಈಚೆಗೆ ಮುಟ್ಟುವ ಹೊತ್ತಿಗೆ ಆ ವಾಸನೆ ನೀರಿನ ಮೇಲೆ ಹೋಗಿ ಮಂದಿಯನ್ನು ಮುಟ್ಟಿರುತ್ತಿತ್ತು. ಘತ್ತರಗಿ ಭಾಗ್ಯವಂತಿಗೆ ನಡೆದುಕೊಳ್ಳುವ ಮಂದಿ ಅಮಾವಾಸ್ಯೆಯ ದಿನ ಉಪವಾಸದಲ್ಲಿ ಬಂದು, ಈ ವಾಸನೆಯಿಂದ ತಪ್ಪಿಸಿಕೊಳ್ಳಲು ಮೂಗಿಗೆ ಸೆರಗು ಹಿಡಿದುಕೊಂಡು ಓಡುವುದನ್ನು ನೋಡುವುದು ನಮ್ಮ ಓಣಿಯ ಹುಡುಗಿಯರ ದೊಡ್ಡ ಮನರಂಜನೆ.

ಈ ಎಲ್ಲದರ ಯಜಮಾನ ನಿಂಗಪ್ಪ ಕಾಕಾ. ದೋಣಿ ನಡೆಸುವ ಅಂಬಿಗ. ಗಿಡ್ಡ ಆಳು, ತೆಳ್ಳಗಿನ ದನಿ. ಕಟ್ಟೆಯ ಕೊನೆಯ ಮೆಟ್ಟಿಲ ಮೇಲೆ ಒಂದು ಕಾಲು, ದೋಣಿಯ ಅಂಚಿನ ಮೇಲೆ ಒಂದು ಕಾಲು ಇಟ್ಟು ನಿಲ್ಲುತ್ತಿದ್ದ. ಬರುವವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡುತ್ತಿದ್ದ, ಅಷ್ಟೇ. ಯಾರ ಮೈ ಎಷ್ಟು ಭಾರ, ಯಾರ ಗಂಟಿನಲ್ಲಿ ಜೋಳ, ಯಾರದರಲ್ಲಿ ಬರೀ ಬಟ್ಟೆ, ಎಲ್ಲ ತಿಳಿದುಬಿಡುತ್ತಿತ್ತು. ಆಮೇಲೆ ಒಬ್ಬೊಬ್ಬರಿಗೆ ಜಾಗ ಹೇಳುತ್ತಿದ್ದ. “ಎಡಕ್ಕ ಕೂಡ್ರಿ.” “ನೀ ಮೂಲ್ಯಾಗ ಕೂಡು.” “ಆಡು ನಡಕ ಕಟ್ಟಲೇ.” ಅಷ್ಟು ಹೇಳಿ ಕೈ ತೋರಿಸಿದರೆ ಮುಗಿಯಿತು. ಅದಕ್ಕೆ ಎದುರು ಮಾತು ನಾನು ಕೇಳಿಲ್ಲ. ಊರಿನ ಗೌಡರು ಹೊಸ ಧೋತರ ಉಟ್ಟು ಬಂದಾಗ, ಒದ್ದೆಯಾದ ಹಲಗೆಯ ಮೇಲೆ ಕೂಡಿಸಿದ. ಗೌಡರು ಒಮ್ಮೆ ಹಲಗೆ ನೋಡಿದರು, ಒಮ್ಮೆ ಕಾಕಾನ ಮುಖ ನೋಡಿದರು, ಕುಳಿತರು. ಅವರ ಮನೆಯಲ್ಲಿ ಅವರಿಗೆ ಹೀಗೆ ಹೇಳುವ ಎದೆ ಯಾರಿಗೂ ಇರಲಿಲ್ಲ.

ದಪ್ಪಗಿದ್ದವರನ್ನು ಕಾಕಾ ಎಂದೂ ದಪ್ಪ ಎನ್ನುತ್ತಿರಲಿಲ್ಲ. “ಹಿರೇರು ನೀವು, ನಡಕ ಬರ್ರಿ,” ಎನ್ನುತ್ತಿದ್ದ. ಆ ಮಾತು ಕೇಳಿ ಹಿಗ್ಗಿ ನಡುವೆ ಹೋಗಿ ಕೂಡುವವರನ್ನು ನಾನು ಬಹಳ ಕಂಡಿದ್ದೇನೆ. ಹೊಸದಾಗಿ ಮದುವೆಯಾದ ಜೋಡಿ ಬಂದರೆ ಗಂಡನನ್ನು ಆ ತುದಿಗೆ, ಹೆಂಡತಿಯನ್ನು ಈ ತುದಿಗೆ ಕೂಡಿಸಲೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಹೊಲದ ಬದುವಿಗಾಗಿ ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರಿಬ್ಬರನ್ನು ಒಂದೇ ಹಲಗೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂಡಿಸಿದ್ದ. ಹೊಳೆ ದಾಟುವ ತನಕ ಅವರಲ್ಲಿ ಒಬ್ಬ ಆಕಾಶ ನೋಡಿದ, ಇನ್ನೊಬ್ಬ ನೀರು ನೋಡಿದ.

ನನ್ನದೂ ಒಂದು ಕತೆ ಇದೆ. ನಾವು ಹುಡುಗಿಯರು ಸುಮ್ಮಸುಮ್ಮನೆ ಆಚೆ ದಂಡೆಗೆ ಹೋಗಿ ಬರುವುದಿತ್ತು. ನಮ್ಮ ನಾಲ್ಕೈದು ಜನರ ಗುಂಪನ್ನು ಕಾಕಾ ದೋಣಿಯ ಮೂತಿಯ ಕಡೆ ಒಟ್ಟಿಗೆ ತುರುಕುತ್ತಿದ್ದ. ಒಂದು ದಿನ, ದೀಪಾವಳಿ ಮುಗಿದ ಹೊಸತು, ಎಲ್ಲರನ್ನೂ ಮೂತಿಯ ಕಡೆ ಬಿಟ್ಟು, ನನ್ನನ್ನೊಮ್ಮೆ ನೋಡಿ, “ಮಾದೇವಿ, ನೀ ನಡಕ ಬಾ ಬೇ, ದೊಡ್ಡವರ ಹತ್ರ,” ಎಂದ. ಉಳಿದವರು ಕಿಸಕ್ಕೆಂದರು. ದೀಪಾವಳಿಯ ಕರಜಿಕಾಯಿಗಳೆಲ್ಲ ಎಲ್ಲಿ ಹೋಗಿ ಸೇರಿವೆ ಎಂದು ಅವತ್ತು ನನಗೆ ತಿಳಿಯಿತು. ಮನೆಗೆ ಬಂದು ಅವ್ವನ ಮುಂದೆ ಅತ್ತೆ. ಅವ್ವ, “ನೀ ದೊಡ್ಡಾಕಿ ಆಗೀದಿ ಅಂತ ಅಂವಾ ಹೇಳ್ಯಾನ, ಅಳ್ತಿ ಯಾಕ,” ಎಂದು ಇನ್ನೊಂದು ಕರಜಿಕಾಯಿ ಕೊಟ್ಟಳು. ಅದನ್ನೂ ತಿಂದೆ.

ಸೇತುವೆ ಆಗುತ್ತದೆ ಎಂಬ ಮಾತು ನಾನು ಹುಟ್ಟುವ ಮೊದಲಿನಿಂದ ಇತ್ತಂತೆ. ಅದಕ್ಕೇ ಯಾರೂ ನಂಬಿರಲಿಲ್ಲ. ಒಂದು ಬೇಸಿಗೆಯಲ್ಲಿ ನಿಜವಾಗಿಯೂ ಲಾರಿಗಳು ಬಂದವು, ಉಸುಕಿನಲ್ಲಿ ಕುಣಿ ತೋಡಿದರು, ಕಂಬಗಳು ಏಳತೊಡಗಿದವು. ಆ ಮೂರ್ನಾಲ್ಕು ವರ್ಷ ನಮ್ಮ ಓಣಿ ಕಂಡಷ್ಟು ಸುಗ್ಗಿಯನ್ನು ಅದರ ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಕೆಲಸದವರು, ಮಿಸ್ತ್ರಿಗಳು, ಇಂಜಿನಿಯರ ಸಾಹೇಬರು, ಎಲ್ಲರಿಗೂ ಚಹಾ ಬೇಕು, ಎಲ್ಲರ ಪ್ಯಾಂಟೂ ಹರಿಯಬೇಕು. ಅಪ್ಪ ಎರಡನೆಯ ಮಷಿನ್ನು ತಂದ. ಮಾಬೂಬಿ ಖಾಲಾ ತಗಡಿನ ನೆರಳನ್ನು ಇನ್ನೂ ಹತ್ತು ಮೊಳ ಮುಂದಕ್ಕೆ ಎಳೆದಳು. ಸೇತುವೆಯ ಸಾಮಾನನ್ನು ಆಚೆ ದಂಡೆಗೆ ಮುಟ್ಟಿಸಿದ್ದು ನಿಂಗಪ್ಪ ಕಾಕಾನ ದೋಣಿಯೇ. ಸಿಮೆಂಟಿನ ಚೀಲಗಳನ್ನು ಎಡಕ್ಕಿಷ್ಟು ಬಲಕ್ಕಿಷ್ಟು ಇಡಿಸಿ, ನಡುವೆ ಇಂಜಿನಿಯರ ಸಾಹೇಬರನ್ನು ಕೂಡಿಸಿ ದಾಟಿಸುತ್ತಿದ್ದ. ನಮ್ಮ ಅನ್ನಕ್ಕೆ ನಾವೇ ಕಲ್ಲು ಹೊರುತ್ತಿದ್ದೇವೆ ಎಂದು ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಎರಡನೆಯ ಮಷಿನ್ನಿನ ಸದ್ದಿನಲ್ಲಿ ಕೇಳುತ್ತಿರಲಿಲ್ಲ.

ಒಮ್ಮೆ ಖಾಲಾ ಕೇಳಿದ್ದು ನೆನಪಿದೆ. “ನಿಂಗಪ್ಪ ಭಾಯಿ, ಬ್ರಿಜ್ ಆದ ಮ್ಯಾಲ ನೀ ಏನ ಮಾಡಾಂವ?”

ಕಾಕಾ ಚಹಾ ಬಶಿಗೆ ಸುರಿದುಕೊಳ್ಳುತ್ತ, “ಮಂದಿ ಎಲ್ಲಿ ಹೋಗ್ತದ ಖಾಲಾ? ದಾಟೋ ಮಂದಿಗೆ ಹೇಳಾಂವ ಒಬ್ಬ ಬೇಕಲ್ಲ,” ಎಂದಿದ್ದ. ನನಗೂ ಅದು ಸರಿ ಎನಿಸಿತ್ತು. ಇಷ್ಟು ದೊಡ್ಡ ಸೇತುವೆಯ ಮೇಲೆ ಮಂದಿ ತಮ್ಮಷ್ಟಕ್ಕೆ ತಾವೇ ಹೇಗೆ ಹೋಗುತ್ತಾರೆ?

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಸೇತುವೆ ಮುಗಿಯಿತು. ಹಾರ, ಭಾಷಣ ಆದ ಮರುದಿನ ಅಫಜಲಪುರದಿಂದ ಜೇವರ್ಗಿಗೆ ಹೋಗುವ ಮೊದಲ ಬಸ್ಸು ನಮ್ಮ ಊರಿಗೆ ಬಂತು. ಓಣಿಗೆ ಓಣಿಯೇ ಹತ್ತಿತು. ಯಾರಿಗೂ ಜೇವರ್ಗಿಯಲ್ಲಿ ಕೆಲಸವಿರಲಿಲ್ಲ. ಆಚೆ ದಂಡೆಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ತಿರುಗಿ ಬರುವುದು, ಅಷ್ಟೇ. ಅಪ್ಪ ಮದುವೆಗೆ ಹಾಕುವ ಕೋಟು ಹಾಕಿದ್ದ. ಖಾಲಾ ಒಲೆ ಆರಿಸಿ ಬಂದಿದ್ದಳು. ಗೌಡರೂ ಬಂದಿದ್ದರು, ನಮ್ಮ ಶಾಲೆಯ ಮಾಸ್ತರರೂ ಬಂದಿದ್ದರು. ಕಾಕಾ ಒಗೆದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಬಂದ. ಎಲ್ಲರೂ ದಾರಿ ಬಿಟ್ಟು ಅವನನ್ನು ಮುಂದಿನ ಸೀಟಿನಲ್ಲಿ ಕೂಡಿಸಿದರು.

ಬಸ್ಸು ಸೇತುವೆ ಏರಿತು. ಎಡಗಡೆಯ ಕಿಡಕಿಯಿಂದ ನಮ್ಮ ಓಣಿ ಕಂಡಿತು. ಅದುವರೆಗೆ ನಮ್ಮ ಓಣಿಯನ್ನು ಮೇಲಿನಿಂದ ನೋಡಿದವರು ಕಾಗೆಗಳು ಮಾತ್ರ. “ಅಗೋ ನಮ್ಮ ಮಾಳಗಿ,” “ಅಗೋ ಖಾಲಾನ ತಗಡು,” “ಅಲ್ನೋಡ್ರಿ ದೋಣಿ, ಎಷ್ಟ ಸಣ್ಣ ಕಾಣ್ತದ,” ಎಂದು ಮಂದಿ ಎಲ್ಲ ಎಡಗಡೆಗೆ ನುಗ್ಗಿದರು. ನಾನೂ ನುಗ್ಗಿದೆ, ಅಪ್ಪನ ಕೋಟಿನ ಕೆಳಗೆ ತಲೆ ತೂರಿಸಿಕೊಂಡು.

ಆಗ ಕಾಕಾ ಎದ್ದು ನಿಂತ. ಕೂಗಲಿಲ್ಲ. ಅದೇ ತೆಳ್ಳಗಿನ ದನಿಯಲ್ಲಿ, “ಎಲ್ಲಾರೂ ಒಂದ ಕಡಿ ಬರಬ್ಯಾಡ್ರಿ. ಅರ್ಧ ಮಂದಿ ಬಲಕ್ಕ ಸರೀರಿ. ಗೌಡ್ರ, ನೀವು ನಡಕ ಬರ್ರಿ,” ಎಂದು ಕೈ ತೋರಿಸಿದ.

ಮಂದಿ ಸರಿದರು. ಆಣೆ ಮಾಡಿ ಹೇಳುತ್ತೇನೆ, ಬಸ್ಸಿನಲ್ಲಿದ್ದವರೆಲ್ಲ ಒಂದು ಮಾತಾಡದೆ, ಕೈ ತೋರಿಸಿದ ಹಾಗೆ ಎದ್ದು ಸರಿದರು. ಅಪ್ಪ ಬಲಕ್ಕೆ ಹೋದ. ಖಾಲಾ ಮೂಲೆಗೆ ಹೋದಳು. ಗೌಡರು ಬಸ್ಸಿನ ನಟ್ಟನಡುವೆ, ಹಿಡಿದುಕೊಳ್ಳಲು ಏನೂ ಇಲ್ಲದ ಕಡೆ, ಎರಡೂ ಕೈ ಮೊಣಕಾಲ ಮೇಲೆ ಊರಿ ಕುಕ್ಕರುಗಾಲಿನಲ್ಲಿ ಕುಳಿತರು. ನಾನು ದೊಡ್ಡವರ ಹತ್ತಿರ ಹೋದೆ.

ಕಂಡಕ್ಟರ್ ಅಫಜಲಪುರದ ಹುಡುಗ. ಟಿಕೆಟ್ಟು ಹರಿಯುವುದನ್ನು ಬಿಟ್ಟು ನಮ್ಮನ್ನು ನೋಡಿದ. ಆಮೇಲೆ ಕಾಕಾನಿಗೆ, “ಯಜಮಾನ್ರ, ಇದು ದೋಣಿ ಅಲ್ರಿ. ಕೆಳಗ ಗಾಲಿ ಅದಾವ, ಹೊರಳಂಗಿಲ್ಲ,” ಎಂದ. ಮರ್ಯಾದೆಯಿಂದಲೇ ಹೇಳಿದ, ಅವನ ತಪ್ಪೇನಿಲ್ಲ.

ನಾನು ನಕ್ಕೆ. ಮೊದಲು ನಕ್ಕವಳು ನಾನು. ಕುಕ್ಕರುಗಾಲಿನಲ್ಲಿ ಕುಳಿತ ಗೌಡರನ್ನು ನೋಡಿ ತಡೆಯಲಾಗಲಿಲ್ಲ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಿಜವೆಂದರೆ ನಾನೂ ಎದ್ದು ಸರಿದಿದ್ದೆನಲ್ಲ, ಆ ನಾಚಿಕೆಗೆ ನಕ್ಕೆ. ನನ್ನ ನಗು ಕೇಳಿ ಅಪ್ಪ ನಕ್ಕ, ಮಾಸ್ತರರು ನಕ್ಕರು, ಗೌಡರು ಧೋತರ ಜಾಡಿಸುತ್ತ ಎದ್ದು ಎಲ್ಲರಿಗಿಂತ ಜೋರಾಗಿ ನಕ್ಕರು. ಇಡೀ ಬಸ್ಸು ಹೋ ಎಂದು ನಗುತ್ತ ಮತ್ತೆ ಎಡಗಡೆಗೇ ನುಗ್ಗಿತು. ಕಾಕಾ ಒಂದು ಗಳಿಗೆ ತಲೆ ತಗ್ಗಿಸಿ ತನ್ನ ಕಾಲುಗಳ ಕಡೆ ನೋಡಿದ. ಆಮೇಲೆ ಕುಳಿತ.

ಆಚೆ ದಂಡೆಯಲ್ಲಿ ಇಳಿದ ಮೇಲೆ, “ನೀವು ಗಾಡ್ಯಾಗ ಬರ್ರಿ, ನಾ ನಡಕೋತ ಬರ್ತೇನಿ,” ಎಂದ. ನಾವು ತಿರುಗಿ ಬರುವಾಗ ಬಸ್ಸು ಅವನನ್ನು ಸೇತುವೆಯ ಮೇಲೆ ದಾಟಿ ಬಂತು. ರಸ್ತೆಯ ನಡುವೆ ನಡೆಯುತ್ತಿದ್ದ. ಡ್ರೈವರ್ ಹಾರ್ನು ಬಾರಿಸಿದ ಮೇಲೆ ಪಕ್ಕಕ್ಕೆ ಸರಿದ. ನಾನು ಕಿಡಕಿಯಿಂದ ಮುಖ ತಿರುಗಿಸಿಕೊಂಡೆ.

ಅದಾದ ಮೇಲೆ ಓಣಿಯಲ್ಲಿ ಕಾಯುವವರೇ ಇಲ್ಲವಾದರು. ಓಣಿ ಒಂದೇ ದಿನ ಹಾಳಾಗಲಿಲ್ಲ. ಖಾಲಾ ರೂಢಿಯಂತೆ ಒಂದಷ್ಟು ದಿನ ಆಚೆ ದಂಡೆಯ ಕಡೆ ನೋಡಿ ಎಣ್ಣೆಗೆ ಭಜಿ ಬಿಟ್ಟಳು. ತಿನ್ನುವವರಿಲ್ಲದೆ ಓಣಿಯ ಮಕ್ಕಳಾದ ನಮಗೆ ಕೊಟ್ಟಳು. ನಾವು ಸೇತುವೆಯನ್ನು ಹಾಡಿ ಹೊಗಳಿದೆವು. ಒಂದೆರಡು ತಿಂಗಳಲ್ಲಿ ಆಕೆ ಅಂಗಡಿಯನ್ನು ಬಸ್ಸು ನಿಲ್ಲುವ ಕಡೆಗೆ ಎತ್ತಿಕೊಂಡು ಹೋದಳು. ಕ್ಷೌರದವನು ಜೇವರ್ಗಿಗೆ ಹೋದ. ಅಪ್ಪ ಎರಡು ವರ್ಷ ಹಟ ಹಿಡಿದ. ಕೊನೆಗೆ ಎರಡೂ ಮಷಿನ್ನುಗಳನ್ನು ಅಫಜಲಪುರಕ್ಕೆ ಸಾಗಿಸಿ ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದ. ಅಲ್ಲಿ ಗಿರಾಕಿಗಳು ಅಂಗಿಗೆ ಎಂಟು ದಿನ ಕೊಡುತ್ತಿದ್ದರು. ಎರಡೂ ತೋಳು ಸಮ ಬರತೊಡಗಿದವು.

ಎಂಬತ್ತರ ದಶಕದಲ್ಲಿ ನನ್ನ ಮದುವೆಯಾಗಿ ಆಳಂದಕ್ಕೆ ಬಂದೆ. ಹೊಳೆಯ ಎರಡೂ ದಂಡೆಗೆ ಪಂಪ್‌ಸೆಟ್ಟುಗಳು ಬಂದವು, ಜೋಳದ ಹೊಲಗಳಲ್ಲಿ ಕಬ್ಬು ಬಂತು. ಕಬ್ಬಿನ ಟ್ರ್ಯಾಕ್ಟರುಗಳು ಸೇತುವೆ ದಾಟಿ ಭೂಸನೂರಿನ ಕಾರ್ಖಾನೆಯ ಕಡೆಗೆ ಹೋಗತೊಡಗಿದವು. ಕಾಕಾನ ಮಗ ಅಲ್ಲಿಯೇ ಕೆಲಸಕ್ಕೆ ಸೇರಿದ. ಕಟ್ಟೆಯ ಮೆಟ್ಟಿಲುಗಳ ಮೇಲೆ ಕಬ್ಬು ಕಡಿಯಲು ಬರುವವರ ಗುಡಿಸಲಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅಪ್ಪ ಬಿಟ್ಟು ಹೋದ ಮನೆಯಲ್ಲಿ ಸುಟ್ಟ ಪಂಪಿನ ಮೋಟರಿಗೆ ತಂತಿ ಸುತ್ತುವವನೊಬ್ಬ ಬಂದು ಸೇರಿದ. ದೋಣಿಯನ್ನು ದಂಡೆಯ ಮೇಲೆ ಬೋರಲು ಹಾಕಿದ್ದರು. ಕೆಲವು ವರ್ಷ ಅದರ ಮೇಲೆ ಶೇಂಗಾ ಒಣಗಿಸಿದರು, ಆಮೇಲೆ ಹಲಗೆಗಳು ಒಂದೊಂದಾಗಿ ಬಾಗಿಲಿಗೆ, ದನದ ಗೋದಲಿಗೆ ಹೋದವು. ಇದನ್ನೆಲ್ಲ ನೋಡಿ ನನಗೆ ಅಳು ಬರಲಿಲ್ಲ. ಓಣಿ ಸತ್ತಿರಲಿಲ್ಲ, ಬೇರೆಯವರ ಓಣಿ ಆಗಿತ್ತು, ಅಷ್ಟೇ.

ನನ್ನ ಎದೆಯಲ್ಲಿ ಕುಳಿತದ್ದು ಕಾಕಾನ ಮೌನ. ಮೊದಲು ಓಣಿಯಲ್ಲಿ ಯಾವ ಕಾರ್ಯವಾದರೂ ಪಂಕ್ತಿ ಕೂಡಿಸುವವನು ಅವನೇ. ಬಸ್ಸಿನ ಆ ದಿನದಿಂದ ಅವನು ಯಾರಿಗೂ ಎಲ್ಲಿ ಕೂಡು ಎಂದು ಹೇಳಿದ್ದನ್ನು ನಾನು ನೋಡಲಿಲ್ಲ. ತವರಿಗೆ ಬಂದಾಗ ಒಮ್ಮೆ ಒಂದು ಸೀಮಂತದ ಊಟಕ್ಕೆ ಹೋಗಿದ್ದೆ. ಯಾರೋ ಗೊತ್ತಿಲ್ಲದವರು ಕಾಕಾನನ್ನು ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ಕೂಡಿಸಿದರು. ಅವನು ಏನೂ ಅನ್ನದೆ ಅಲ್ಲಿಯೇ ಕುಳಿತು ಉಂಡ. ನಾನು ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ. ಇದು ನಾನು ಮಾಡಿದ್ದು ಎಂದುಕೊಂಡೆ. ಊರಿಗೆ ಊರೇ ಕೇಳುತ್ತಿದ್ದ ಮಾತನ್ನು ಒಂದು ನಗುವಿನಲ್ಲಿ ನಾನು ಕೆಳಗೆ ಹಾಕಿದೆ.

ತಪ್ಪಾಯಿತು ಎಂದು ಹೇಳಲು ನಾನು ಪ್ರಯತ್ನಿಸಲಿಲ್ಲ ಎಂದಲ್ಲ. ಒಮ್ಮೆ ಒಂದು ಡಜನ್ ಬಾಳೆಹಣ್ಣು ಹಿಡಿದು ಹೋಗಿ, ಮೊಣಕಾಲ ನೋವಿನ ಬಗ್ಗೆ ಅರ್ಧ ತಾಸು ವಿಚಾರಿಸಿ, ಹಣ್ಣು ಕೊಟ್ಟು ಬಂದೆ. ದಾರಿಯಲ್ಲಿ ನೆನಪಾಯಿತು, ಮೊಣಕಾಲ ನೋವು ಇದ್ದದ್ದು ಕಾಕಾನ ಹೆಂಡತಿಗೆ. ಇನ್ನೊಮ್ಮೆ ಧೈರ್ಯ ಮಾಡಿ, “ಕಾಕಾ, ಅವತ್ತ ಬಸ್ಸಿನಾಗ…” ಎಂದು ಶುರು ಮಾಡಿದೆ. “ಬಸ್ಸೇನು? ಆಳಂದಕ್ಕ ಹೋಗೂದು ಮೂರಕ್ಕ ಒಂದದ, ಅದು ತಪ್ಪಿದ್ರ ಐದಕ್ಕ ನೋಡು,” ಎಂದ. ನಾನು ಮೂರರ ಬಸ್ಸಿಗೆ ಎದ್ದು ಬಂದೆ.

ಹೀಗೆ ವರ್ಷಗಳು ಹೋದವು. ತೊಂಬತ್ತರ ದಶಕ ಅರ್ಧ ಕಳೆದಿರಬೇಕು, ಮಾಬೂಬಿ ಖಾಲಾ ತನ್ನ ಮೊಮ್ಮಗಳ ಲಗ್ನಕ್ಕೆ ಕರೆದಳು. ಆಕೆಗೆ ಆಗ ಬಸ್ಸು ನಿಲ್ಲುವ ಕಡೆ ಪಕ್ಕಾ ಮನೆ, ಮುಂದೆ ಹೋಟೆಲು ಎಲ್ಲ ಇತ್ತು. ಆದರೂ ಲಗ್ನ ದೋಣಿ ಓಣಿಯಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದಳು. “ನನ್ನ ಮಕ್ಕಳು ಅಲ್ಲೇ ಹುಟ್ಯಾವ, ಮೊಮ್ಮಗಳು ಅಲ್ಲಿಂದನ ಹೋಗ್ತಾಳ,” ಎಂದಳಂತೆ. ಬೇವಿನ ಮರಕ್ಕೆ ಕಟ್ಟಿ ಓಣಿಯುದ್ದಕ್ಕೂ ಪೆಂಡಾಲು ಹಾಕಿದ್ದರು. ಆಚೆ ದಂಡೆಯ ಬೀಗರು ಎರಡು ಟೆಂಪೋದಲ್ಲಿ ಬಂದು ಇಳಿದರು. ಗಂಡಸರು ನಿಕಾಹದ ಕಡೆ ಇದ್ದರು. ನಾನು ಊಟ ಮುಗಿಸಿ ಕಟ್ಟೆಯ ಕಡೆ ಬಂದೆ. ಮರದ ಬೊಡ್ಡೆಯ ಹತ್ತಿರ ಹೊರಸಿನ ಮೇಲೆ ಕಾಕಾ ಒಬ್ಬನೇ ಕುಳಿತಿದ್ದ. ಕಣ್ಣಿನ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದಿತ್ತು.

“ಯಾರು, ಮಾದೇವಿ ಏನು? ಬಾ, ಕೂಡು.”

ಎಲ್ಲಿ ಎಂದು ಹೇಳಲಿಲ್ಲ. ನಾನು ಹೊರಸಿನ ಇನ್ನೊಂದು ತುದಿಯಲ್ಲಿ ಕುಳಿತೆ. ಈ ಸಲ ಬಾಳೆಹಣ್ಣು ಇರಲಿಲ್ಲ, ಮೂರರ ಬಸ್ಸೂ ಹೋಗಿತ್ತು. ಕಣ್ಣು ಮುಚ್ಚಿ ಹೇಳಿಬಿಟ್ಟೆ. “ಕಾಕಾ, ಬ್ರಿಜ್ ಆದ ಮರುದಿನ ನಾವೆಲ್ಲ ಬಸ್ಸಿನಾಗ ಹೋಗಿದ್ವಿ. ನೀವು ಸರೀರಿ ಅಂದ್ರಿ. ನಾ ಮೊದಲ ನಕ್ಕೆ. ನಾ ನಕ್ಕದ್ದಕ್ಕ ಎಲ್ಲಾರೂ ನಕ್ರು. ಅವತ್ತಿನಿಂದ ನೀವು ಯಾರಿಗೂ ಏನೂ ಹೇಳೂದ ಬಿಟ್ರಿ. ನನ್ನ ತಪ್ಪಾತು.”

ಕಾಕಾ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. ನೆನಪಿಲ್ಲ ಎಂದು ಹೇಳಿ ನನ್ನನ್ನು ಸಮಾಧಾನ ಮಾಡುತ್ತಾನೆ ಎಂದುಕೊಂಡೆ. ಅವನಿಗೆ ಎಲ್ಲ ನೆನಪಿತ್ತು.

“ನೀ ಮೊದಲ ನಕ್ಕಿ, ಹೌದು. ಗೌಡ ಕಡೀಕ ನಕ್ಕ,” ಎಂದ. “ಅಷ್ಟೂ ಮಂದಿ ನಕ್ಕೋತ ಒಂದ ಕಡಿ ಬಂದ್ರಿ. ನನ್ನ ಜೀವ ಝಲ್ ಅಂತು. ನಾ ಕಾಲ ಕೆಳಗ ನೋಡ್ದೆ, ಇನ್ನ ಹೊರಳ್ತದ, ಇನ್ನ ಹೊರಳ್ತದ ಅಂತ. ಹೊರಳಲಿಲ್ಲ. ಕೂದಲೆಳಿ ಅಷ್ಟೂ ವಾಲಲಿಲ್ಲ ಮಾದೇವಿ. ಆಗ ತಿಳೀತು, ಇವರಿಗೆ ಇನ್ನ ಹೇಳಾಂವ ಬ್ಯಾಡ ಅಂತ. ಬ್ಯಾಡಾದ ಮ್ಯಾಲ ಹೇಳಬಾರದು. ಅದಕ್ಕ ಬಿಟ್ಟೆ.”

“ನಾ ನಕ್ಕದ್ದು ಮನಸಿಗೆ ಹತ್ತಲಿಲ್ಲೇನ್ರಿ?”

“ಬ್ಯಾಸರ ಆಗಿತ್ತು, ಇಲ್ಲ ಅನ್ನಂಗಿಲ್ಲ. ಭಾಳ ದಿನ ಆಗಿತ್ತು. ಆದ್ರ ನಿನ್ನ ನಗಿಗಲ್ಲ.” ಕನ್ನಡಕ ಹಾಕಿಕೊಂಡು ಸೇತುವೆಯ ಕಡೆ ನೋಡಿದ. ಬಂದ ಬೀಗರ ಟೆಂಪೋ ಒಂದು ಮಂದಿಯನ್ನು ತುಂಬಿಕೊಂಡು ತಿರುಗಿ ಹೋಗುತ್ತಿತ್ತು. ಹುಡುಗರು ಹಿಂದೆ ನಿಂತು ಹಾಡುತ್ತಿದ್ದರು. “ದೋಣ್ಯಾಗ ನಾ ಮಂದೀಗೆ ನಗಾಕ ಬಿಡ್ತಿದ್ದಿಲ್ಲ, ನಿನಗ ಗೊತ್ತದೋ ಇಲ್ಲೋ. ನಕ್ರ ಮಂದಿ ಮೈಮ್ಯಾಲ ಖಬರಿಲ್ಲದ ಒಬ್ಬರ ಮ್ಯಾಲ ಒಬ್ಬರು ವಾಲ್ತಾರ. ಸಣ್ಣ ಹುಡುಗ್ರು ನಕ್ರೂ ಗದರಿಸ್ತಿದ್ದೆ. ನಮ್ಮಪ್ಪನೂ ಹಂಗ ಮಾಡ್ದಾಂವ, ಅವರಪ್ಪನೂ ಅಷ್ಟ. ಹುಟ್ಟಿದಾಗಿಂದ ನಡುಹೊಳ್ಯಾಗ ಬರೀ ಅಂಜಿದ ಮಾರಿಗೋಳು ನೋಡೀನಿ.”

ನಿಜ. ನಡುನೀರಿನಲ್ಲಿ ನಾವು ಯಾರೂ ನಗುತ್ತಿರಲಿಲ್ಲ. ಅದು ಅವನು ಹೇಳಿ ಮಾಡಿಸಿದ್ದು ಎಂಬುದನ್ನು ನಾನು ಮರೆತೇ ಹೋಗಿದ್ದೆ.

“ಹೊಳಿ ಮ್ಯಾಲ ಅಷ್ಟ ಮಂದಿ ಹೊಟ್ಟಿ ತುಂಬ ನಗೂದು ನಾ ಅವತ್ತ ಮೊದಲ ಸಲ ಕೇಳಿದ್ದು,” ಎಂದ ಕಾಕಾ. “ಛಲೋ ಅನಿಸ್ತು ಬೇ. ಬ್ಯಾಸರದಾಗೂ ಛಲೋ ಅನಿಸ್ತು.”

ನನಗೆ ಅಳು ಬಂತು. ಸದ್ದು ಮಾಡಿಯೇ ಅತ್ತೆ. ಇವಳು ಯಾಕೆ ಅಳುತ್ತಿದ್ದಾಳೆ ಎಂದು ಅವನಿಗೆ ತಿಳಿಯಲಿಲ್ಲ. ಲಗ್ನದ ಮನೆಯಲ್ಲಿ ಯಾರಾದರೂ ಅತ್ತೇ ಅಳುತ್ತಾರೆ ಎಂದುಕೊಂಡಿರಬೇಕು, ನನ್ನ ಕಡೆ ಸರಿದು, ನನ್ನ ಬೆನ್ನ ಮೇಲೆ ಕೈ ಇಟ್ಟು ಕುಳಿತ.